ಅಪ್ಪಯ್ಯ ತಂದ ಡೀಸೆಲ್ ಇಂಜಿನ್ನು

ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟಕ್ಕೆ ಮಾರ್ಚ್ ಬಂತು ಅಂದ್ರೆ ಹಳ್ಳದಿಂದ ನೀರು ಎತ್ಲೇಬೇಕು, ಕರೆಂಟ್ ನಂಬ್ಕಂಡ್ ಕೂರಕ್ಕಾಗಲ್ಲ, ಹಂಗಾಗಿ ಅಪ್ಪಯ್ಯ ತಂದಿದ್ದ ಲಿಸ್ಟರ್ ಮಾದರಿಯ 6 ಎಚ್‌ಪಿ ಇಂಜಿನ್ನು ಇವತ್ತಿಗೂ ಪಂಪ್‌ಶೆಡ್ಡಲ್ಲಿದೆ. ನಿಮಿಷಕ್ಕೆ ಬರೀ 650 ಸುತ್ತು. ಆ ಟುಕ್ ಟುಕ್ ಶಬ್ದ ಮನೆ ಜಗಲಿವರೆಗೂ ಕೇಳತ್ತೆ, ಕೇಳ್ತಿದ್ರೇನೇ ನಂಗೆ ಸಮಾಧಾನ.

ಇದನ್ನ ಟೂ ಸ್ಟ್ರೋಕ್ ಅನ್ನೋರಿದಾರೆ, ಅಲ್ಲ, ಇದು ಫೋರ್ ಸ್ಟ್ರೋಕ್, ಎರಡು ಸುತ್ತಿಗೆ ಒಂದ್ಸಲ ಉರಿಯತ್ತೆ, ಟೂ ಸ್ಟ್ರೋಕ್ ಆದ್ರೆ ಪ್ರತಿ ಸುತ್ತಿಗೂ. ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿ ಕಾವಿಗೇ ಡೀಸೆಲ್ ಹತ್ಕಳತ್ತೆ. ಅದಕ್ಕೇ ಮೊದ್ಲು ಒಳಗಿನ ಗಾಳಿ ಒತ್ತಡ ಬಿಡಿಸೋ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ಹೊಡೀಬೇಕು, ಪಕ್ಕದಲ್ಲಿರೋ ಆ ದೊಡ್ಡ ಭಾರದ ಚಕ್ರ, ಅಂದ್ರೆ ಫ್ಲೈವೀಲ್‌ಗಳಿಗೆ ಓಟ ಬಂದ್ಮೇಲೆ ಲಿವರ್ ಬಿಡೋದು. ಟ್ಯಾಂಕ್ ಪೂರ್ತಿ ಖಾಲಿಯಾಗಕ್ಕೆ ಮಾತ್ರ ಬಿಡಬೇಡಿ, ಡೀಸೆಲ್ ಪೈಪಲ್ಲಿ ಗಾಳಿ ಸೇರಿ ಏರ್ ಹಿಡಿದ್ರೆ ಆ ಪೈಪಿನ ನಟ್ ಸಡಿಲ ಮಾಡಿ ಗುಳ್ಳೆ ನಿಲ್ಲೋವರೆಗೂ ಡೀಸೆಲ್ ಬಿಡ್ತಾ ಕೂರಬೇಕು.

ಒಂದ್ಸಲ ಒಳಗೆ ಹೋಗೋ ಗಾಳಿಯ ಧೂಳನ್ನ ಆಯಿಲ್ಲಲ್ಲಿ ಹಿಡಿಯೋ ಏರ್ ಕ್ಲೀನರ್‌ಗೆ ಗೆರೆ ಮೀರಿ ಆಯಿಲ್ ಹಾಕ್ಬಿಟ್ಟಿದ್ದೆ. ಇಂಜಿನ್ನು ಆ ಆಯಿಲ್ಲನ್ನೇ ಎಳ್ಕಂಡು ಉರಿಸ್ತಾ ರೇಸ್ ಆಯ್ತು, ಶೆಡ್ ತುಂಬಾ ಹೊಗೆ, ಡೀಸೆಲ್ ಬಂದ್ ಮಾಡಿದ್ರೂ ನಿಲ್ತಿಲ್ಲ, ನಂಗೆ ಕೈಕಾಲೇ ಆಡ್ಲಿಲ್ಲ. ಅಪ್ಪಯ್ಯ ಓಡಿಬಂದು ಗಾಳಿ ಎಳೆಯೋ ಬಾಯಿಗೆ ಹಲಗೆ ಒತ್ತಿ ಹಿಡಿದ್ರು, ಆಗ ಉಸಿರು ಕಟ್ಟಿ ನಿಲ್ತು. ಆ ಹಲಗೆ ಈಗ್ಲೂ ಇಂಜಿನ್ ಪಕ್ಕದಲ್ಲೇ ಮೊಳೆಗೆ ನೇತಾಕಿದೀನಿ.