ಸ್ಕೇಲ್ ಬರ್ತದೆ, ಸೋಲೋ ಮಾತ್ರ ಹಾಡಿನ ಹಾಗೆ ಯಾಕಿಲ್ಲ?

ಚರ್ಚಿನ ಕಾಯರ್‌ಗೆ ಗಿಟಾರ್ ನುಡಿಸುವವರಿಂದ ಮಣಿಪಾಲದ ಕಾಲೇಜು ಬ್ಯಾಂಡಿನ ಹುಡುಗರವರೆಗೆ ಎಲ್ಲರೂ ಕೇಳುವುದು ಇದನ್ನೇ: "ಸ್ಕೇಲ್ ಎಲ್ಲ ಬರ್ತದೆ, ಮೋಡ್ ಕೂಡ ಗೊತ್ತುಂಟು. ಆದ್ರೆ ಸೋಲೋ ಬಾರಿಸಿದ್ರೆ ಎಕ್ಸರ್‌ಸೈಜ್ ಹಾಗೇ ಕೇಳ್ತದೆ. ಎಂತ ಮಾಡುದು?"

ಇನ್ನೊಂದು ಸ್ಕೇಲ್ ಕಲಿತರೆ ಇದು ಸರಿಯಾಗುವುದಿಲ್ಲ. ಯಾವ ಸ್ವರದ ಮೇಲೆ, ಯಾವಾಗ ನಿಲ್ಲಬೇಕು ಎನ್ನುವುದು ಕೈಗೆ ಅಭ್ಯಾಸವಾಗಿಲ್ಲ, ತೊಂದರೆ ಅಷ್ಟೇ. ನಮ್ಮ ಸಂಗೀತದಲ್ಲಿ ಹಾಗೆ ನಿಲ್ಲುವ ಸ್ವರಕ್ಕೆ ನ್ಯಾಸ ಸ್ವರ ಎಂಬ ಹೆಸರೇ ಉಂಟು.

ಮೊದಲು ಮೋಡ್ ವಿಷಯ. ಸಿ ಮೇಜರ್ ಸ್ಕೇಲನ್ನೇ ಡಿ ಸ್ವರದಿಂದ ಶುರು ಮಾಡಿದರೆ ಡೋರಿಯನ್, ಇಯಿಂದ ಮಾಡಿದರೆ ಫ್ರಿಜಿಯನ್ ಎಂದು ಹೆಚ್ಚಿನವರು ಕಲಿತಿರುತ್ತಾರೆ. ಲೆಕ್ಕ ಸರಿಯೇ, ಹೀಗೆ ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸುವುದೇ ಗ್ರಹಭೇದ. ಆದರೆ ಹಿಂದೆ ಶ್ರುತಿ ಇಲ್ಲದಿದ್ದರೆ ಕಿವಿ ಸಿಯನ್ನೇ ಷಡ್ಜವಾಗಿ ಹಿಡಿದುಕೊಳ್ಳುತ್ತದೆ, ಏಳೂ ಮೋಡ್ ಒಂದೇ ಥರ ಕೇಳುತ್ತವೆ. ಹಾಗಾಗಿ ಷಡ್ಜವನ್ನು ಒಂದೇ ಕಡೆ ಇಟ್ಟು ಸ್ವರಗಳನ್ನು ಬದಲಿಸಿ.

ಐದನೇ ತಂತಿಯನ್ನು ಖಾಲಿ ಮಿಡಿಯುತ್ತಾ ಇರಿ, ಅದು ಎ. ಅಥವಾ ಮೊಬೈಲಿನಲ್ಲಿ ಎ ಶ್ರುತಿಗೆ ತಂಬೂರಿ ಹಾಕಿ. ಈಗ ಮೂರನೇ ತಂತಿ ಒಂದರಲ್ಲೇ 2, 4, 5, 7, 9, 11, 12, 14ನೇ ಫ್ರೆಟ್‌ಗಳನ್ನು ನಿಧಾನಕ್ಕೆ ಒತ್ತಿ ನುಡಿಸಿ. ಇದು ಎ ಡೋರಿಯನ್, ಖರಹರಪ್ರಿಯದ ಸ್ವರಗಳು. 5ರ ಬದಲು 6 ಒತ್ತಿದರೆ ಮಿಕ್ಸೋಲಿಡಿಯನ್, ಅಂದರೆ ಹರಿಕಾಂಭೋಜಿ. 5ನ್ನೇ ಉಳಿಸಿಕೊಂಡು 11ನ್ನು 10ಕ್ಕೆ ಇಳಿಸಿದರೆ ಏಯೋಲಿಯನ್, ಅಂದರೆ ನಟಭೈರವಿ. ಗಮಕವಿಲ್ಲದೆ ಇವು ರಾಗವಾಗುವುದಿಲ್ಲ, ಆದರೆ ಕಿವಿಗೆ ಗುರುತು ಸಿಗಲು ಇಷ್ಟು ಸಾಕು. ಒಂದೇ ತಂತಿ ಯಾಕೆಂದರೆ, ಬಾಕ್ಸ್ ಶೇಪಿನಲ್ಲಿ, ಅಂದರೆ ಕೈ ಸರಿಸದೆ ಎಲ್ಲ ತಂತಿಗಳಲ್ಲೂ ಸ್ಕೇಲ್ ನುಡಿಸುವ ಮಾದರಿಯಲ್ಲಿ, ಬೆರಳು ತಾನಾಗಿ ಓಡುತ್ತದೆ. ಇಲ್ಲಿ ಹಾಗೆ ಓಡಲು ಆಗುವುದಿಲ್ಲ, ಪ್ರತಿ ಅಂತರವನ್ನೂ ಕೇಳಿಯೇ ಹೋಗಬೇಕು. ನುಡಿಸುವಾಗ ಬಾಯಲ್ಲೂ ಹಾಡಿ. ದನಿ ಚೆನ್ನಾಗಿಲ್ಲ ಎಂಬ ನಾಚಿಕೆ ಖಂಡಿತ ಬೇಡ.

ಇನ್ನು ನಿಲ್ಲುವ ಜಾಗ. ನಿಜವಾದ ಕೆಲಸ ಇರುವುದು ಇಲ್ಲೇ. ಎ ಮೈನರ್ 7 ಕಾರ್ಡ್ ಎರಡು ಬಾರ್ (ತಾಳದ ಆವರ್ತ), ಡಿ 7 ಕಾರ್ಡ್ ಎರಡು ಬಾರ್, ನಿಮಿಷಕ್ಕೆ 80 ಪೆಟ್ಟಿನ ಟೆಂಪೋದಲ್ಲಿ ನೀವೇ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಐದನೇ ಫ್ರೆಟ್ಟಿನ ಮೈನರ್ ಪೆಂಟಟೋನಿಕ್ (ಐದು ಸ್ವರಗಳ ಸ್ಕೇಲ್) ಬಾಕ್ಸ್ ಎಲ್ಲರಿಗೂ ಗೊತ್ತು. ಅದರಲ್ಲಿ ಎರಡನೇ ತಂತಿಗೆ 5 ಮತ್ತು 8, ಅಂದರೆ ಇ ಮತ್ತು ಜಿ. ಅವೆರಡರ ನಡುವೆ 7ನೇ ಫ್ರೆಟ್ಟನ್ನು ಸೇರಿಸಿ, ಅದು ಎಫ್ ಶಾರ್ಪ್. ಎ ಮೈನರ್ ನಡೆಯುವಾಗ ಜಿ ಹತ್ತಿರ ಸುತ್ತಾಡಿ, ಡಿ 7ರ ಮೊದಲ ಪೆಟ್ಟು ಬಿದ್ದಾಗ ಸರಿಯಾಗಿ 8ರಿಂದ 7ಕ್ಕೆ ಇಳಿದು ನಿಂತುಬಿಡಿ. ಜಿ ಎಂದರೆ ಎ ಮೈನರ್ 7ರ ಏಳನೇ ಸ್ವರ, ಎಫ್ ಶಾರ್ಪ್ ಡಿ 7ರ ಮೂರನೇ ಸ್ವರ. ಅರ್ಧ ಸ್ವರದ ಆ ಇಳಿತದಲ್ಲೇ ಕಾರ್ಡ್ ಬದಲಾದದ್ದು ಕೇಳುತ್ತದೆ, ಹಿಂದೆ ಯಾರೂ ಕಾರ್ಡ್ ಹಿಡಿಯದಿದ್ದರೂ. ಅಲ್ಲೇ 6ನೇ ಫ್ರೆಟ್ಟಿನ ಎಫ್ ಮೇಲೆ ನಿಂತರೆ ಡಿ 7ಗೆ ತಿಕ್ಕುತ್ತದೆ. ನ್ಯಾಚುರಲ್ ಮೈನರ್ ಶೇಪನ್ನು ಹಾಗೇ ಬಾರಿಸುವವರ ಸೋಲೋ ಕೆಡುವುದು ಹೆಚ್ಚಾಗಿ ಈ ಒಂದು ಸ್ವರದಿಂದ. ಮರಳಿ ಎ ಮೈನರ್ ಬಂದಾಗ ಜಿಗೆ ಹತ್ತಿ ಅಥವಾ ಇಗೆ ಇಳಿಯಿರಿ. ಒಂದು ವಾರ ಇದೊಂದನ್ನೇ ಮಾಡಿ.

ಸರಳೆ ವರಸೆಯಂತೆ ಮೇಲೆ ಕೆಳಗೆ ಹೋಗುವುದು ಸಾಕಾದರೆ ದಾಟು ವರಸೆ ಹಿಡಿಯಿರಿ: ಎ-ಸಿ, ಬಿ-ಡಿ, ಸಿ-ಇ ಹೀಗೆ, ಮೆಟ್ರೊನೋಮ್ 60ಕ್ಕೆ, ಪೆಟ್ಟಿಗೆ ಎರಡು ಸ್ವರ. ಸೋಲೋದಲ್ಲಿ ಮಾತ್ರ ಅದರಿಂದ ನಾಲ್ಕೇ ಸ್ವರ ತೆಗೆದುಕೊಳ್ಳಿ. ಪೂರ್ತಿ ವರಸೆ ಬಾರಿಸಿದರೆ ಮತ್ತೆ ಎಕ್ಸರ್‌ಸೈಜೇ.

ಗಿಟಾರಿನವರಿಗೆ ಉಸಿರು ಕಟ್ಟುವುದಿಲ್ಲ, ಹಾಗಾಗಿ ನಿಲ್ಲದೆ ಬಾರಿಸುತ್ತಾರೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಹಾಕಿ, ಅವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಬೆರಳು ಮಡಚಿ ಎಣಿಸಿ. ಆಮೇಲೆ ನೀವೂ ಎರಡು ಬಾರ್ ನುಡಿಸಿ, ಎರಡು ಬಾರ್ ಸುಮ್ಮನಿರಿ. ತಾಳಕ್ಕೆ ದೂರ ಹೋಗಬೇಕಾಗಿಲ್ಲ. ಹುಲಿವೇಷದ ತಾಸೆ ವಾದ್ಯದ ಪೆಟ್ಟು ನಮ್ಮೂರಿನಲ್ಲಿ ಯಾರಿಗೆ ಬರುವುದಿಲ್ಲ? ಅದೇ ಪೆಟ್ಟನ್ನು ಎ, ಸಿ, ಡಿ ಮೂರೇ ಸ್ವರಗಳಲ್ಲಿ ನುಡಿಸಿ ನೋಡಿ, ಸ್ವರ ಕಡಿಮೆಯಾಯಿತು ಎಂದು ಅನ್ನಿಸುವುದೇ ಇಲ್ಲ.

ಕೊನೆಗೆ ಬೆಂಡ್, ಅಂದರೆ ತಂತಿಯನ್ನು ಎಳೆದು ಸ್ವರ ಏರಿಸುವುದು. ಮೂರನೇ ತಂತಿಯ 7ನೇ ಫ್ರೆಟ್ಟಿನ ಡಿಯನ್ನು ಇ ಸ್ವರದವರೆಗೆ ಎಳೆಯಿರಿ, ಕೂಡಲೇ ಎರಡನೇ ತಂತಿಯ 5ನೇ ಫ್ರೆಟ್ ಮಿಡಿದು ತಾಳೆ ನೋಡಿ. ಬಹಳ ಸಲ ಸ್ವಲ್ಪ ಕೆಳಗೇ ಇರುತ್ತದೆ. ಒಂದೇ ಬೆರಳಿನಲ್ಲಿ ಎಳೆಯಬೇಡಿ, ಉಂಗುರ ಬೆರಳಿನ ಹಿಂದೆ ಇನ್ನೆರಡು ಬೆರಳು ಒತ್ತು ಕೊಡಲಿ. ಎಲೆಕ್ಟ್ರಿಕ್‌ಗೆ 9ರ ಸೆಟ್ (ತೆಳು ತಂತಿಗಳದ್ದು) ಹಗುರ. ಅಕೂಸ್ಟಿಕ್‌ನ 12ರ ದಪ್ಪ ಸೆಟ್ಟಿನಲ್ಲಿ ಇಡೀ ಸ್ವರ ಎಳೆಯುವುದು ಕಷ್ಟ, ಅಲ್ಲಿ ಸ್ಲೈಡ್ ಮಾಡಿ, ಅಂದರೆ ಬೆರಳನ್ನು ತಂತಿಯ ಮೇಲೆ ಜಾರಿಸಿ. ನಮ್ಮ ಮಳೆಗಾಲದಲ್ಲಿ, ಕಡಲ ಗಾಳಿಯಲ್ಲಿ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ, ಆಗ ಬೆಂಡೂ ಸ್ಲೈಡೂ ನುಣುಪಾಗಿ ಬರುವುದಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಒರೆಸಿಡಿ. ಹೊಸ ತಂತಿ ಹಾಕಿದ ದಿನ ಮಾತ್ರ ಈ ತಾಳೆ ನೋಡುವ ಅಭ್ಯಾಸ ಬೇಡ, ತಂತಿ ಇನ್ನೂ ಹಿಗ್ಗುತ್ತಿರುವುದರಿಂದ ಶ್ರುತಿ ಇಳಿಯುತ್ತಲೇ ಇರುತ್ತದೆ.