ಕಣ್ಣು ಮುಚ್ಚಿದರೆ ಯೋಚನೆ ಜಾಸ್ತಿ ಆಗುತ್ತೆ, ಏನು ಮಾಡಲಿ?

ಮೈಸೂರಿನ ಒಂದು ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್‌ಗೆ ಸಿಗುವವರಿರಲಿ, ಕ್ಲಾಸ್ ಮುಗಿದ ಮೇಲೆ ನಿಲ್ಲುವ ಮಕ್ಕಳಿರಲಿ, ಕೇಳುವುದು ಹೆಚ್ಚುಕಮ್ಮಿ ಒಂದೇ. "ಮೇಡಂ, ಕಣ್ಣು ಮುಚ್ಚಿ ಕೂತರೆ ಇಲ್ಲದ ಯೋಚನೆಯೆಲ್ಲ ಆವಾಗಲೇ ಬರುತ್ತೆ. ನನಗೆ ಧ್ಯಾನ ಆಗಿಬರಲ್ಲ ಅಲ್ವಾ?"

ಯೋಚನೆ ಎಲ್ಲರಿಗೂ ಬರುತ್ತೆ. ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರಿಗೆ ದಿನದಲ್ಲಿ ಆಗಾಗ ಫೋನಿನಲ್ಲೇ ಕೇಳಿದ್ದು ಇಷ್ಟು: ಈಗ ಏನು ಮಾಡ್ತಾ ಇದ್ದೀರಿ, ಮನಸ್ಸು ಅದರ ಮೇಲೇ ಇದೆಯಾ, ಹೇಗನ್ನಿಸ್ತಿದೆ? ಸುಮಾರು ನೂರಕ್ಕೆ 47 ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಬೇರೆಲ್ಲೋ ಇದ್ದಾಗ ಜನರಿಗೆ ಖುಷಿಯೂ ಕಡಿಮೆ ಇತ್ತು.

ನಾನು ಹೇಳಿಕೊಡುವ ಮೈಂಡ್‌ಫುಲ್‌ನೆಸ್ ಅನ್ನುವ ಧ್ಯಾನದಲ್ಲಿ ಯೋಚನೆ ನಿಲ್ಲಿಸಿ ಅಂತ ಯಾರೂ ಹೇಳುವುದಿಲ್ಲ. ಉಸಿರಿನ ಮೇಲೆ ಗಮನ ಇಡುತ್ತೀರಿ, ಅದು ಸಾಲದ ಕಂತಿನ ಕಡೆಗೋ ಮಗಳ ಮಾರ್ಕ್ಸ್ ಕಡೆಗೋ ಓಡುತ್ತೆ, ಓಡಿದ್ದು ನಿಮಗೆ ಗೊತ್ತಾಗುತ್ತೆ, ಬೈದುಕೊಳ್ಳದೆ ವಾಪಸ್ ಕರೆತರುತ್ತೀರಿ. ಆ ಗೊತ್ತಾಗುವುದೇ ಅಭ್ಯಾಸ.

ಮಂಡ್ಯದಿಂದ ದಿನಾ ರೈಲಿನಲ್ಲಿ ಬರುವ ಒಬ್ಬ ಹುಡುಗಿಗೆ ಪರೀಕ್ಷೆ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತಿತ್ತು. ಕಣ್ಣು ಮುಚ್ಚಲೇಬೇಡ, ಪಾಂಡವಪುರ ಬರುವವರೆಗೆ ಉಸಿರು ನೋಡ್ತಾ ಕೂತಿರು ಅಂದೆ. ಮಾರನೇ ದಿನ ಬಂದು "ಹನ್ನೆರಡು ಸಲ ತಪ್ಪಿಹೋಯ್ತು ಮೇಡಂ" ಅಂದಳು, ಅಳು ಒಂದೇ ಬಾಕಿ. ನನಗೋ ಎಷ್ಟು ಖುಷಿ! ಮೊದಲ ದಿನವೇ ಹನ್ನೆರಡು ಸಲ ಗಮನಿಸಿದ್ದಳು.

ಇದರಿಂದ ನಿಜವಾಗಲೂ ಉಪಯೋಗ ಇದೆಯಾ? ಇದೆ, ಆದರೆ ಸುಮ್ನೆ ಐದು ನಿಮಿಷ ಆ್ಯಪ್ ಹಾಕಿಕೊಂಡರೆ ಇಷ್ಟೇ ಸಿಗುತ್ತೆ ಅಂತ ನಾನು ಹೇಳಲಾರೆ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಾಸಿಯಾಗದ ನೋವಿರುವ ರೋಗಿಗಳಿಗೆ ಶುರು ಮಾಡಿದ ಮೈಂಡ್‌ಫುಲ್‌ನೆಸ್ ತರಬೇತಿ ಈಗ ಎಂಟು ವಾರದ ಕೋರ್ಸು. ವಾರಕ್ಕೊಂದು ಎರಡೂವರೆ ಗಂಟೆಯ ಕ್ಲಾಸು, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಕೆಲವರಿಗೆ ಈ ಕೋರ್ಸು, ಉಳಿದವರಿಗೆ ಎಸಿಟಲೋಪ್ರಾಮ್ ಮಾತ್ರೆ ಕೊಟ್ಟು ನೋಡಿದರು. ಎರಡೂ ಗುಂಪಿನಲ್ಲಿ ಆತಂಕ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಇಳಿಯಿತು. ಇದನ್ನು ಓದಿ ದಯವಿಟ್ಟು ನೀವಾಗಿಯೇ ಮಾತ್ರೆ ಬಿಡಬೇಡಿ.

ಇನ್ನೊಂದು ಮುಖವೂ ಇದೆ. 2014ರಲ್ಲಿ ಧ್ಯಾನದ ಬಗ್ಗೆ ನಡೆದ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆತಂಕ, ಖಿನ್ನತೆ, ನೋವು ಸ್ವಲ್ಪ ಕಡಿಮೆ ಆಗುವುದು ಕಂಡಿತು. ಆದರೆ ವ್ಯಾಯಾಮಕ್ಕಿಂತ ಧ್ಯಾನವೇ ಮೇಲು ಅನ್ನಲು ಪುರಾವೆ ಸಿಗಲಿಲ್ಲ. ಹಾಗಾಗಿ ಕೂರಲು ಇಷ್ಟವಿಲ್ಲದವರಿಗೆ ಕೆರೆ ಸುತ್ತಿ ಬನ್ನಿ ಅಂತಲೇ ಹೇಳುತ್ತೇನೆ, ಅದೇನೂ ಎರಡನೇ ದರ್ಜೆಯ ಉಪಾಯವಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಂತೂ ಮೈಂಡ್‌ಫುಲ್‌ನೆಸ್ ಕಲಿಸಿದ್ದರಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮಕ್ಕಳನ್ನು ಬಲವಂತವಾಗಿ ಕೂರಿಸುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ.

ಕೆಲವರಿಗೆ, ಅದರಲ್ಲೂ ಹಳೆಯ ಆಘಾತ ಇರುವವರಿಗೆ, ಕಣ್ಣು ಮುಚ್ಚಿದರೆ ಭಯ ಇನ್ನೂ ಏರಬಹುದು. ಹಾಗಾದರೆ ಹಟ ಹಿಡಿಯಬೇಡಿ. ಕಣ್ಣು ತೆರೆಯಿರಿ, ಎದ್ದು ಓಡಾಡಿ, ಮತ್ತೆ ಮತ್ತೆ ಹೀಗೇ ಆದರೆ ಡಾಕ್ಟರ್ ಹತ್ತಿರ ಹೋಗಿ.