ಹೀಲಾ ಕಾಡಿನಲ್ಲಿ ಮೂರು ದಿನ, ಎದೆಯ ಮೇಲೊಂದು ಗಿಡ್ಡ ರಿವಾಲ್ವರ್

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಹೀಲಾ ಕಾಡಿಗೆ ಹೋದ ಈ ಪ್ರವಾಸ ಶುರುವಾದದ್ದು ಹೋದ ವರ್ಷ ಮಾಡಿದ ಒಂದು ತಪ್ಪಿನಿಂದ. ಅರಿಜೋನಾದ ಬೆಟ್ಟವೊಂದರಲ್ಲಿ ಗೆಳೆಯನ ಜೊತೆ ಎರಡು ದಿನ ನಡೆಯಲು ಹೋಗಿದ್ದೆ. ಸೊಂಟದಲ್ಲಿ ಅವನದೇ ಒಂದು ಸಿಂಗಲ್ ಆಕ್ಷನ್ ರಿವಾಲ್ವರ್ ಇತ್ತು. ಏಳೂವರೆ ಇಂಚಿನ ಬ್ಯಾರಲ್. ನೋಡಲು ಬಹಳ ಚಂದ. ಆದರೆ ಬಂಡೆ ಮೇಲೆ ಕೂತರೆ ಸಾಕು, ಬ್ಯಾರಲ್ಲಿನ ತುದಿ ಕಲ್ಲಿಗೆ ತಾಗಿ ಹಿಡಿ ಪಕ್ಕೆಗೆ ಒತ್ತುತ್ತಿತ್ತು. ಬೆನ್ನುಚೀಲದ ಸೊಂಟಪಟ್ಟಿ ಬೇರೆ ಅದರ ಮೇಲೇ ಬಂದು ಕೂರುತ್ತಿತ್ತು. ಎರಡು ಗಂಟೆ ಸಹಿಸಿಕೊಂಡೆ. ಆಮೇಲೆ ಬಿಚ್ಚಿ ಚೀಲದೊಳಗೆ ಇಟ್ಟೆ.

ಅವತ್ತು ಸಂಜೆ ನೀರು ತರಲು ಹಳ್ಳಕ್ಕೆ ಇಳಿದೆ. ಮೂವತ್ತು ಹೆಜ್ಜೆ ಆಚೆ ಒಂದು ಕರಿ ಕರಡಿ ನಿಂತಿತ್ತು. ನನ್ನ ಕೈಯಲ್ಲಿದ್ದದ್ದು ಎರಡು ಖಾಲಿ ಬಾಟಲಿ. ರಿವಾಲ್ವರ್, ಕರಡಿ ಓಡಿಸುವ ಖಾರದ ಸ್ಪ್ರೇ ಎರಡೂ ಟೆಂಟಿನಲ್ಲಿ. ಕರಡಿ ಒಮ್ಮೆ ಬುಸ್ ಅಂದು ತಿರುಗಿ ಪೊದೆಯೊಳಗೆ ಹೋಯಿತು, ಅಷ್ಟೇ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ದಿನವಿಡೀ ಮೈಮೇಲೆ ಇಟ್ಟುಕೊಳ್ಳಲು ಆಗದ ಆಯುಧ ಎಷ್ಟು ಒಳ್ಳೆಯದಾದರೂ ಏನು ಬಂತು? ಮುಂದಿನ ನಡಿಗೆಗೆ ಗಿಡ್ಡ ಬ್ಯಾರಲ್ಲಿನದೇ ತಗೋಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಂಥ ಒಂದೆರಡು ದಾರಿಗಳಿವೆ, ಆದರೆ ಸ್ನೇಹಿತರ ಬಾಯಿಮಾತು ನಂಬಿಕೊಂಡು ಹೋಗಬೇಡಿ, ವಕೀಲರನ್ನು ಕೇಳಿ. ನನಗೆ ಗ್ರೀನ್ ಕಾರ್ಡ್ ಬಂದ ಮೇಲೆಯೇ ನಾನು ಇದಕ್ಕೆ ಕೈ ಹಾಕಿದ್ದು.

ಆಯ್ಕೆಗೆ ಮೂರು ತಿಂಗಳು ಹಿಡಿಯಿತು. ಸಿಂಗಲ್ ಆಕ್ಷನ್ ಅಂದರೆ ಟ್ರಿಗರ್‌ಗೆ ಒಂದೇ ಕೆಲಸ, ಹ್ಯಾಮರನ್ನು, ಅಂದರೆ ಏಟು ಕೊಡುವ ಹಿಂದಿನ ಸುತ್ತಿಗೆಯನ್ನು, ಬಿಡುವುದು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆ ಎಳೆಯಬೇಕು. ನಿಧಾನ ನಿಜ. ಆದರೆ ನಾನು ಬೇಕು ಅಂತ ಎಳೆಯುವ ತನಕ ಅದು ಸುಮ್ನೆ ಇರುತ್ತದೆ ಅನ್ನುವುದು ನನಗೆ ಹಿಡಿಸಿತು. ಈ ಜಾತಿಗೆ ಮೂಲ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ. ಕುದುರೆ ಸವಾರ ಸೈನಿಕರಿಗೆ ಕೊಟ್ಟಿದ್ದು ಏಳೂವರೆ ಇಂಚಿನದು. ಆಮೇಲೆ ಐದೂವರೆ ಬಂತು, ನಾಲ್ಕೂ ಮುಕ್ಕಾಲು ಬಂತು. ಇನ್ನೂ ಗಿಡ್ಡ ಬೇಕು ಅಂದವರಿಗೆ ಎಜೆಕ್ಟರ್ ರಾಡೇ ಇಲ್ಲದ ಮೂರು, ಮೂರೂವರೆ ಇಂಚಿನವೂ ಬಂದವು. ಅವುಗಳನ್ನು ಶೆರಿಫ್ಸ್ ಮಾಡೆಲ್ ಅನ್ನುತ್ತಾರೆ.

ಎಜೆಕ್ಟರ್ ರಾಡ್ ಅಂದರೆ ಬ್ಯಾರಲ್ಲಿನ ಪಕ್ಕದಲ್ಲಿರುವ ಸಣ್ಣ ಕಡ್ಡಿ. ಸುಟ್ಟ ತೋಟಾಗಳ ಖಾಲಿ ಕೊಳವೆಗಳನ್ನು ಒಂದೊಂದಾಗಿ ಹಿಂದಕ್ಕೆ ತಳ್ಳುವುದು ಅದೇ. ಬ್ಯಾರಲ್ ಗಿಡ್ಡ ಆದಷ್ಟೂ ಈ ಕಡ್ಡಿಗೆ ಜಾಗ ಕಡಿಮೆ. ಶೂಟಿಂಗ್ ರೇಂಜಿನಲ್ಲಿ ಗೆಳೆಯನ ಮೂರೂವರೆ ಇಂಚಿನ ಇಟಲಿ ರಿವಾಲ್ವರ್ ಹಿಡಿದು ನೋಡಿದೆ. ಅದರದ್ದು ಮೋಟು ಕಡ್ಡಿ. ಕೊಳವೆ ಅರ್ಧ ಹೊರಗೆ ಬಂದು ನಿಲ್ಲುತ್ತಿತ್ತು. ಉಳಿದದ್ದನ್ನು ಉಗುರಿನಿಂದ ಕೀಳಬೇಕು, ಅದೂ ಬಿಸಿ ಬಿಸಿ. ಪಕ್ಕದಲ್ಲೇ ರೂಗರ್ ಕಂಪನಿಯ ನ್ಯೂ ವಕೇರೋ ಇತ್ತು, 4⅝ ಇಂಚಿನದು. ಅದರಲ್ಲಿ ಎಜೆಕ್ಟರ್ ಕೊಳವೆ ಮುಗಿಯುವಲ್ಲೇ ಬ್ಯಾರಲ್ಲೂ ಮುಗಿಯುತ್ತದೆ. ಒಂದು ತಳ್ಳು, ಕೊಳವೆ ಠಣ್ ಅಂತ ನೆಲಕ್ಕೆ. ಅಲ್ಲೇ ನನ್ನ ಮನಸ್ಸು ನಿಂತಿತು. ಎಜೆಕ್ಟರ್ ಪೂರ್ತಿ ಕೆಲಸ ಮಾಡುವಷ್ಟು ಉದ್ದ ಇರಲಿ, ಅದಕ್ಕಿಂತ ಒಂದು ಕೂದಲೆಳೆಯೂ ಜಾಸ್ತಿ ಬೇಡ.

ಗಿಡ್ಡ ಬ್ಯಾರಲ್ಲಿಗೆ ಕೊಡಬೇಕಾದ ಬೆಲೆಯೂ ಇದೆ. ಗುರಿ ಹಿಡಿಯುವ ಮುಂದಿನ ಕಾಳು ಹಿಂದಿನ ಗೀರಿಗೆ ಹತ್ತಿರ ಆಗುವುದರಿಂದ ಗುರಿಯ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಸದ್ದು, ಬೆಂಕಿ ಎರಡೂ ಮುಖಕ್ಕೆ ಹತ್ತಿರ. ಗುಂಡಿನ ವೇಗವೂ ಇಳಿಯುತ್ತದೆ. 357 ಮ್ಯಾಗ್ನಂ ವೇಗದ ಮೇಲೆ ನಡೆಯುವ ತೋಟಾ, ಅದಕ್ಕೆ ಈ ನಷ್ಟ ಹೆಚ್ಚು. 44 ಮ್ಯಾಗ್ನಂ ಹಿಡಿದಾಗ ನನ್ನ ಎರಡನೇ ಗುಂಡು ಎಲ್ಲಿಗೆ ಹೋಯಿತು ಅಂತ ಗೊತ್ತಾಗಲಿಲ್ಲ. ಹಾಗಾಗಿ 45 ಕೋಲ್ಟ್ ಅನ್ನುವ ತೋಟಾದ ನ್ಯೂ ವಕೇರೋ ತಗೊಂಡೆ. 255 ಗ್ರೇನ್ ತೂಕದ ದಪ್ಪ ಸೀಸದ ಗುಂಡು, ಅಂದರೆ ಹದಿನಾರೂವರೆ ಗ್ರಾಂ. ಮೊದಲೇ ನಿಧಾನ, ತೂಕದಿಂದ ಕೆಲಸ ಮಾಡುವಂಥದ್ದು, ಬ್ಯಾರಲ್ ಒಂದೆರಡು ಇಂಚು ಕಡಿಮೆಯಾದರೆ ಅದಕ್ಕೆ ಅಷ್ಟೇನೂ ಬೇಜಾರಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ರೂಗರ್‌ನದೇ ಬ್ಲ್ಯಾಕ್‌ಹಾಕ್ ರಿವಾಲ್ವರಿನ ದೊಡ್ಡ ಚೌಕಟ್ಟಿಗೆ ಅಂತ ಮಾಡಿದ ಹೆಚ್ಚು ಜೋರಿನ 45 ತೋಟಾಗಳನ್ನು ನ್ಯೂ ವಕೇರೋಗೆ ಹಾಕಬಾರದು. ಇದರ ಚೌಕಟ್ಟು ಚಿಕ್ಕದು.

ಅಕ್ಟೋಬರಿನಲ್ಲಿ ಗೆಳೆಯನೂ ನಾನೂ ಹೊರಟೆವು. ಅರಿಜೋನಾದ ಟೂಸಾನ್‌ನಿಂದ ಹೈವೇ ಹಿಡಿದು ಲಾರ್ಡ್ಸ್‌ಬರ್ಗ್, ಅಲ್ಲಿಂದ ಎಡಕ್ಕೆ ತಿರುಗಿ ನ್ಯೂ ಮೆಕ್ಸಿಕೊದ ಸಿಲ್ವರ್ ಸಿಟಿ. ರಿವಾಲ್ವರ್‌ಗಳು ಖಾಲಿ ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಚೀಲದಲ್ಲಿ. ಸಿಲ್ವರ್ ಸಿಟಿ ಬಿಲ್ಲಿ ದಿ ಕಿಡ್ ಅನ್ನುವ ಹೆಸರಾಂತ ಬಂದೂಕುಕೋರ ಹುಡುಗನಾಗಿ ಬೆಳೆದ ಊರು. ಅವನ ತಾಯಿ 1874ರಲ್ಲಿ ತೀರಿಕೊಂಡಿದ್ದು ಇಲ್ಲೇ, ಸಮಾಧಿಯೂ ಇಲ್ಲೇ ಇದೆ. ಏಳು ವರ್ಷದ ನಂತರ ಶೆರಿಫ್ ಪ್ಯಾಟ್ ಗ್ಯಾರೆಟ್ ಅವನನ್ನು ಕೊಂದ ಕೋಲ್ಟ್ ಸಿಂಗಲ್ ಆಕ್ಷನ್ 2021ರಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಗೆಳೆಯ ಆ ಸಮಾಧಿಯ ಮುಂದೆ ಬಹಳ ಹೊತ್ತು ನಿಂತ. ಮಗನ ಹೆಸರಿಗೆ ಊರೂರಲ್ಲಿ ಫಲಕ ಇದೆ. ತಾಯಿ ಇಲ್ಲಿ ಒಂದು ಸಣ್ಣ ಕಲ್ಲಿನ ಕೆಳಗೆ ಮಲಗಿದ್ದಾಳೆ.

ಊರಿನಿಂದ ಉತ್ತರಕ್ಕೆ ರಸ್ತೆ 15. ಬರೀ 44 ಮೈಲಿ, ಆದರೆ ಎರಡು ಗಂಟೆ ಬೇಕು, ಅಷ್ಟು ತಿರುವು. ಆ ರಸ್ತೆ ಮುಗಿಯುವಲ್ಲಿ ಹೀಲಾ ಕಾಡು. ಹೆಸರಿನ ಮೊದಲ ಅಕ್ಷರ ಜಿ ಆದರೂ ಜನ ಕರೆಯುವುದು ಹೀಲಾ ಅಂತಲೇ. ಅರಣ್ಯ ಅಧಿಕಾರಿ ಆಲ್ಡೊ ಲಿಯೋಪೋಲ್ಡ್ ಹಟ ಹಿಡಿದು ಕೇಳಿದ್ದಕ್ಕೆ 1924ರಲ್ಲಿ ಅಮೆರಿಕ ಸರ್ಕಾರ ರಸ್ತೆ ಇಲ್ಲದೆ ಹಾಗೇ ಬಿಟ್ಟ ಮೊದಲ ಕಾಡು ಇದು. ಒಳಗೆ ಗಾಡಿ ಇಲ್ಲ, ಸೈಕಲ್ ಕೂಡ ಇಲ್ಲ. ಕಾಲು ಅಥವಾ ಕುದುರೆ, ಎರಡೇ ದಾರಿ.

ಟಿಜೆ ಕೊರಾಲ್ ಅನ್ನುವಲ್ಲಿ ಕಾರು ನಿಲ್ಲಿಸಿ ಪೆಟ್ಟಿಗೆ ತೆರೆದೆವು. ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದಿದ್ದರೂ ಹೊರಗೆ ಕಾಣುವ ಹಾಗೆ ರಿವಾಲ್ವರ್ ಹಾಕಿಕೊಳ್ಳಬಹುದು. ಗುಂಡು ತುಂಬಿದ್ದನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಳ್ಳಲು ಪರವಾನಗಿ ಬೇಕು. ಮಳೆ ಬಂದರೆ ಜಾಕೆಟ್ ಜಿಪ್ ಮುಚ್ಚಿದರೂ ಬಚ್ಚಿಟ್ಟ ಹಾಗೇ ಆಗಬಹುದು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ಗೆಳೆಯನದ್ದು ಹಳೇ ಕೋಲ್ಟಿನ ರೀತಿಯ ಯಂತ್ರ. ಹ್ಯಾಮರ್ ಅರ್ಧಕ್ಕೆ ಎಳೆದ, ತೋಟಾ ಹಾಕುವ ಬಲಗಡೆಯ ಗೇಟ್ ತೆರೆದ. ಸುತ್ತುವ ಸಿಲಿಂಡರಿನ ಒಂದು ಮನೆಗೆ ತೋಟಾ ಹಾಕಿದ, ಒಂದು ಮನೆ ಬಿಟ್ಟ, ಸಾಲಾಗಿ ನಾಲ್ಕು ಹಾಕಿದ. ಗೇಟ್ ಮುಚ್ಚಿ ಹ್ಯಾಮರ್ ಪೂರ್ತಿ ಎಳೆದು ಮೆಲ್ಲಗೆ ಇಳಿಸಿದಾಗ ಅದು ಸರಿಯಾಗಿ ಖಾಲಿ ಮನೆಯ ಮೇಲೆ ಬಂದು ಕೂತಿತು. ಆರು ಮನೆ ಇದ್ದರೂ ಐದೇ ಗುಂಡು. ಯಾಕೆಂದರೆ ಹಳೇ ಯಂತ್ರದಲ್ಲಿ ಹ್ಯಾಮರಿನ ಮೊಳೆ ನೇರ ತೋಟಾದ ಹಿಂಭಾಗಕ್ಕೆ ತಾಗಿಕೊಂಡಿರುತ್ತದೆ. ರಿವಾಲ್ವರ್ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಗುಂಡು ಹಾರುತ್ತದೆ. ಹೀಗೆ ಬಿದ್ದು ಕಾಲು ಕಳೆದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ. ರೂಗರ್ 1973ರಲ್ಲಿ, ಕೋಲ್ಟ್ ಬಂದು ಸರಿಯಾಗಿ ನೂರು ವರ್ಷಕ್ಕೆ, ನಡುವೆ ಟ್ರಾನ್ಸ್‌ಫರ್ ಬಾರ್ ಅನ್ನುವ ಒಂದು ಪಟ್ಟಿ ತಂದಿತು. ಟ್ರಿಗರ್ ಪೂರ್ತಿ ಒತ್ತಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ಹ್ಯಾಮರಿನ ಏಟನ್ನು ಮೊಳೆಗೆ ದಾಟಿಸುತ್ತದೆ. ಅದಕ್ಕೇ ನನ್ನದರಲ್ಲಿ ಆರೂ ತುಂಬಬಹುದು. ಅದಕ್ಕಿಂತ ಹಳೇ ರೂಗರ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಐದೇ ಹಾಕಿ. ಕಂಪನಿಗೆ ಕಳಿಸಿದರೆ ಪಟ್ಟಿಯನ್ನು ಉಚಿತವಾಗಿ ಕೂರಿಸಿಕೊಡುತ್ತಾರೆ.

ನನ್ನದು ಎದೆಯ ಹೋಲ್‌ಸ್ಟರ್, ಅಂದರೆ ಎದೆಗೆ ಕಟ್ಟುವ ರಿವಾಲ್ವರಿನ ಒರೆ. ಹೆಗಲ ಪಟ್ಟಿಗಳ ನಡುವೆ, ಪಕ್ಕೆಲುಬಿನ ಕೆಳತುದಿಯ ಹತ್ತಿರ ಓರೆಯಾಗಿ ಕೂರುತ್ತದೆ. ಸೊಂಟಪಟ್ಟಿಗೆ ಅಡ್ಡ ಇಲ್ಲ. ಹೊರತೆಗೆಯುವಾಗ ಮಾತ್ರ ಹುಷಾರಾಗಿರಬೇಕು, ಬ್ಯಾರಲ್ ನಮ್ಮದೇ ಎಡತೋಳಿನ ಮುಂದೆ ಹಾದುಹೋಗುತ್ತದೆ. ಎಡಗೈಯನ್ನು ಮೊದಲು ಎದೆಗೆ ಒತ್ತಿಕೊಂಡು ಆಮೇಲೆ ಎಳೆಯುವುದನ್ನು ಖಾಲಿ ರಿವಾಲ್ವರಿನಲ್ಲಿ ಒಂದು ತಿಂಗಳು ದಿನಾ ರಾತ್ರಿ ಅಭ್ಯಾಸ ಮಾಡಿದ್ದೆ. ಸೊಂಟದ ಎಡಕ್ಕೆ ಕರಡಿ ಸ್ಪ್ರೇ. ಕರಡಿಗೆ ಮೊದಲು ಕೈ ಹೋಗಬೇಕಾದದ್ದು ಸ್ಪ್ರೇಗೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ರಿವಾಲ್ವರ್ ಇದ್ದದ್ದು ಹುಚ್ಚು ಹಿಡಿದ ನರಿಯಂಥದ್ದಕ್ಕೆ, ಬೇರೇನೂ ಉಳಿಯದ ಗಳಿಗೆಗೆ.

ಲಿಟಲ್ ಬೇರ್ ಕಣಿವೆಯಲ್ಲಿ ಇಳಿದು ಹೀಲಾ ನದಿಯ ಮಧ್ಯದ ಕವಲು ಸೇರಿದೆವು. ಕಣಿವೆ ಒಂದು ಕಡೆ ಎಷ್ಟು ಕಿರಿದಾಗುತ್ತದೆ ಅಂದರೆ ಎರಡೂ ಕೈ ಚಾಚಿದರೆ ಗೋಡೆ ಸಿಕ್ಕೇ ಬಿಡುತ್ತದೇನೋ ಅನಿಸುತ್ತದೆ. ನದಿ ಸೇರಿದ ಮೇಲೆ ದಾರಿ ಅನ್ನುವುದು ನೀರೇ. ಈ ದಡ, ಆ ದಡ, ಮತ್ತೆ ಈ ದಡ. ಮೊಣಕಾಲುದ್ದ, ಕೆಲವು ಕಡೆ ತೊಡೆಯುದ್ದ. ಗೆಳೆಯನ ಸೊಂಟದ ಹೋಲ್‌ಸ್ಟರ್ ನಾಲ್ಕನೇ ದಾಟಿನಲ್ಲೇ ಒದ್ದೆಯಾಯಿತು. ನಾನೂ ಒಮ್ಮೆ ಪಾಚಿ ಕಲ್ಲಿನ ಮೇಲೆ ಜಾರಿ ಮಂಡಿಯೂರಿದೆ. ಎದ್ದ ತಕ್ಷಣ ಕೈ ಎದೆಗೆ ಹೋಯಿತು. ಹ್ಯಾಮರಿನ ಮೇಲಿನ ತೊಗಲಿನ ಕುಣಿಕೆ ಬಿಗಿಯಾಗಿ ಹಾಗೇ ಇತ್ತು. ಎಂಥ ಒಳ್ಳೆಯ ಹೋಲ್‌ಸ್ಟರ್ ಆದರೂ ಆ ಕುಣಿಕೆ ಇಲ್ಲದಿದ್ದರೆ ತಗೋಬೇಡಿ.

ಮಧ್ಯಾಹ್ನ ಎದುರಿಗೆ ಒಬ್ಬ ವಯಸ್ಸಾದ ಸವಾರ ಬಂದ. ಹಿಂದೆ ಹೊರೆ ಹೊತ್ತ ಎರಡು ಹೇಸರಗತ್ತೆ. ನಾವು ದಾರಿಯ ಕೆಳಬದಿಗೆ ಸರಿದು ನಿಂತೆವು. ಅವನ ಸೊಂಟದ ಎಡಗಡೆ, ಹೊಟ್ಟೆಗೆ ಹತ್ತಿರವಾಗಿ ಒಂದು ಗಿಡ್ಡ ಸಿಂಗಲ್ ಆಕ್ಷನ್. ಹಿಡಿ ಬಲಗೈ ಕಡೆಗೆ ಬಾಗಿತ್ತು. ಹೋಲ್‌ಸ್ಟರಿನ ತುದಿ ಜೀನಿಗೆ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಬ್ಯಾರಲ್ಲಿನ ಕಪ್ಪು ಬಣ್ಣ ತುದಿಯಲ್ಲಿ ಪೂರ್ತಿ ಹೋಗಿ ಬೆಳ್ಳಗೆ ಕಾಣುತ್ತಿತ್ತು. ಯಾಕೆ ಎಡಕ್ಕೆ ಅಂತ ಕೇಳಿದೆ. ಬಲಕ್ಕೆ ಹಾಕಿದರೆ ಜೀನಿನಲ್ಲಿ ಕೂತಾಗ ಮೇಲೆದ್ದು ಚುಚ್ಚುತ್ತದೆ, ಹಗ್ಗ ಹಿಡಿಯುವ ಕೈಗೂ ಅಡ್ಡ ಬರುತ್ತದೆ ಅಂದ. ಎಷ್ಟು ಸಲ ಉಪಯೋಗಿಸಿದ್ದೀರಿ ಅಂದೆ. ಒಂದೇ ಸಲ ಅಂದ. ಕಾಲು ಮುರಿದ ಒಂದು ಹೇಸರಗತ್ತೆಗೆ. ಅದನ್ನು ಹೇಳಿ ಹಿಂದಿದ್ದ ಪ್ರಾಣಿಯ ಕುತ್ತಿಗೆ ಸವರಿದ.

ಇನ್ನರ್ಧ ಗಂಟೆಗೆ ದಾರಿಯ ಮಧ್ಯೆ ರ‍್ಯಾಟಲ್ ಹಾವು. ಬಾಲದ ಸದ್ದು ಮೊದಲು ಕೇಳಿತು, ಹಾವು ಆಮೇಲೆ ಕಂಡಿತು. ನನ್ನ ಕೈ ಎದೆಯ ಕಡೆ ಹೋಗಲೂ ಇಲ್ಲ, ಅದು ನನಗೆ ಖುಷಿ ಕೊಟ್ಟಿತು. ಸುತ್ತ ಕಲ್ಲಿನ ಗೋಡೆ, ಗುಂಡು ಕಲ್ಲಿಗೆ ಬಡಿದು ಯಾವ ಕಡೆ ತಿರುಗುತ್ತದೋ ಹೇಳೋಕಾಗಲ್ಲ. ಹಾವು ತನ್ನ ಜಾಗದಲ್ಲಿತ್ತು, ನಾವು ದಾರಿ ಬಳಸಿಕೊಂಡು ನೀರಿನಲ್ಲಿ ನಡೆದೆವು. ಈ ಕಾಡಿನಲ್ಲಿ ಮೆಕ್ಸಿಕನ್ ತೋಳಗಳೂ ಇವೆ. ಒಮ್ಮೆ ಅಳಿದೇ ಹೋಗುತ್ತಿದ್ದ ಜಾತಿ, 1998ರಿಂದ ಮತ್ತೆ ತಂದು ಬಿಟ್ಟಿದ್ದಾರೆ. ತೋಳದಂತೆ ಕಾಣುವ ಕಾಯೋಟಿ ಅನ್ನುವ ಪ್ರಾಣಿ ಅಂದುಕೊಂಡು ತೋಳಕ್ಕೆ ಗುಂಡು ಹಾರಿಸಿದರೆ ಫೆಡರಲ್ ಅಪರಾಧ. ಗುರುತು ಹಿಡಿಯಲು ಬಾರದವನು ರಿವಾಲ್ವರ್ ಹೊರತೆಗೆಯದೆ ಇರುವುದೇ ವಾಸಿ.

ಸಂಜೆ ಜೋರ್ಡನ್ ಬಿಸಿನೀರ ಬುಗ್ಗೆ. ಜರೀಗಿಡಗಳ ನಡುವೆ ಕಲ್ಲು ಕಟ್ಟಿದ ಸಣ್ಣ ಕೊಳ, ಬೆಚ್ಚಗಿನ ನೀರು, ಮೇಲೆ ಕಣಿವೆಯ ಗೋಡೆಗೆ ಕೊನೆಯ ಬಿಸಿಲು. ಇಂಥ ಬುಗ್ಗೆಗಳ ನೀರಿನಲ್ಲಿ ಮೂಗಿನ ಮೂಲಕ ಮೆದುಳಿಗೆ ಹೋಗುವ ಅಮೀಬಾ ಇರಬಹುದು, ಅದಕ್ಕೆ ತಲೆ ಮುಳುಗಿಸಬಾರದು. ಒಬ್ಬರು ನೀರಿಗಿಳಿದಾಗ ಇನ್ನೊಬ್ಬರು ದಡದಲ್ಲಿ ಎರಡೂ ರಿವಾಲ್ವರ್ ನೋಡಿಕೊಂಡು ಕೂತೆವು. ರಾತ್ರಿ ಊಟದ ಚೀಲವನ್ನು ದೂರದ ಮರಕ್ಕೆ ನೇತುಹಾಕಿದೆವು. ಹೋಲ್‌ಸ್ಟರ್, ಟಾರ್ಚ್, ಸ್ಪ್ರೇ ಮೂರೂ ಪ್ರತಿ ರಾತ್ರಿ ಒಂದೇ ಜಾಗದಲ್ಲಿ, ಬಲಗೈಗೆ ಸಿಗುವ ಹಾಗೆ.

ಮೂರನೇ ದಿನ ಕಾರಿನ ಹತ್ತಿರ ಬಂದು ಮೊದಲು ಮಾಡಿದ ಕೆಲಸ ಖಾಲಿ ಮಾಡುವುದು. ಗೇಟ್ ತೆರೆದು ಒಂದೊಂದಾಗಿ ಅಂಗೈಗೆ ಬೀಳಿಸಿಕೊಂಡು ಎಣಿಸಿದೆ. ಆರು. ಗೆಳೆಯ ಐದು ಎಣಿಸಿದ. ಪೆಟ್ಟಿಗೆಗೆ ಬೀಗ ಹಾಕಿ ಹೀಲಾ ಬಂಡೆಮನೆಗಳನ್ನು ನೋಡಲು ಹೋದೆವು. 2010ರಿಂದ ರಾಜ್ಯದ ಕಾನೂನು ಒಪ್ಪುವಂತೆ ರಾಷ್ಟ್ರೀಯ ಉದ್ಯಾನಗಳಲ್ಲಿ ಬಂದೂಕು ಇಟ್ಟುಕೊಳ್ಳಬಹುದು, ಆದರೆ ವಿಸಿಟರ್ ಸೆಂಟರಿನಂಥ ಫೆಡರಲ್ ಕಟ್ಟಡದೊಳಗೆ ಕೂಡದು. ಮೊಗೊಯೋನ್ ಅನ್ನುವ ಮೂಲನಿವಾಸಿ ಜನ 1280ರ ಸುಮಾರಿಗೆ ಗುಹೆಗಳೊಳಗೆ ಕಟ್ಟಿದ ಕೋಣೆಗಳವು. ಎದೆಯ ಮೇಲಿನ ತೂಕ ಇಲ್ಲದೆ ಅಲ್ಲಿ ಹತ್ತುವಾಗ ಕೈ ಎರಡು ಸಲ ಖಾಲಿ ಜಾಗವನ್ನು ಮುಟ್ಟಿತು. ಒಂದು ಕಿಲೋ ಆಸುಪಾಸಿನ ಭಾರ ಮೂರೇ ದಿನದಲ್ಲಿ ಅಷ್ಟು ಅಭ್ಯಾಸ ಆಗಿತ್ತು.

ಮನೆಗೆ ಬಂದು ಸಿಲಿಂಡರಿನ ಪಿನ್ ಎಳೆದು ಬಿಚ್ಚಿದೆ. ಬಿಳಿ ಬಟ್ಟೆಯ ಮೇಲೆ ಹೀಲಾದ ಮರಳು ಏಳೆಂಟು ಕಾಳು ಬಿತ್ತು. ಸ್ಟೇನ್‌ಲೆಸ್ ಆದ್ದರಿಂದ ತುಕ್ಕು ಇಲ್ಲ. ಗೆಳೆಯನದ್ದರಲ್ಲಿ ಒದ್ದೆ ತೊಗಲು ತಾಗಿದ ಕಡೆ ಕಿತ್ತಳೆ ಬಣ್ಣದ ಚುಕ್ಕಿಗಳೆದ್ದಿದ್ದವು. ಎಣ್ಣೆ ಹಾಕಿ ಉಜ್ಜಲು ಅವನಿಗೆ ಒಂದು ಸಂಜೆ ಹಿಡಿಯಿತಂತೆ. ಹೋಲ್‌ಸ್ಟರನ್ನು ನೆರಳಿನಲ್ಲಿ ಒಣಗಲು ನೇತುಹಾಕಿ, ರಿವಾಲ್ವರನ್ನು ಬೇರೆಯಾಗಿ ಇಟ್ಟೆ. ಹಿಡಿಯ ಸ್ಕ್ರೂ ಅರ್ಧ ಸುತ್ತು ಸಡಿಲ ಆಗಿತ್ತು. ಬಿಗಿ ಮಾಡಿದೆ.